ಕೂಟದ ಲೆಕ್ಕ ಯಾರ ಕೈಯಲ್ಲಿ? ಹೊರನಾಡ ಓದುಗರ ಪ್ರಶ್ನೆಗಳಿಗೆ ಉತ್ತರ

ಹೊರದೇಶಗಳ ಕನ್ನಡ ಕೂಟ, ಸಂಘ, ಬಳಗಗಳ ಆಡಳಿತದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಂದ ಪತ್ರಗಳಲ್ಲಿ ಜಗಳದವೇ ಜಾಸ್ತಿ. ಹೆಸರು ಬೇಡ ಅಂದವರು ತುಂಬಾ ಜನ, ಹಾಗಾಗಿ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ. ಪತ್ರ ಬರೆದವರಲ್ಲಿ ತಮ್ಮ ಸಂಘದ ಬೈಲಾ ಓದಿದವರು ಬಹಳ ಕಡಿಮೆ ಅನ್ನೋದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಚುನಾವಣೆ ಆಗಿ ಹೊಸ ಸಮಿತಿ ಬಂತು, ನಾನು ಅಧ್ಯಕ್ಷ. ಹಳೇ ಖಜಾಂಚಿಯವರು ಬ್ಯಾಂಕ್ ಲಾಗಿನ್ ಇನ್ನೂ ಕೊಟ್ಟಿಲ್ಲ. ಫೋನಿನಿಂದ ದುಡ್ಡು ಕಳಿಸೋ ಜೆಲ್ (Zelle) ಸೇವೆ ಇರೋದೂ ಅವರ ಫೋನ್ ನಂಬರಿಗೇ, ಯುಗಾದಿ ಟಿಕೆಟ್ ದುಡ್ಡೂ ಅಲ್ಲಿಗೇ ಹೋಗುತ್ತಿದೆ. ಕೇಳಿದರೆ "ಲೆಕ್ಕ ಮುಗಿಸಿ ಕೊಡ್ತೀನಿ" ಅಂತಾರೆ. ಹಿರಿಯರು "ಕೂಟಕ್ಕೆ ಅಷ್ಟು ವರ್ಷ ದುಡಿದವರು, ಅವಮಾನ ಮಾಡಬೇಡಪ್ಪ" ಅಂತಾರೆ. ಏನು ಮಾಡಲಿ? (ಟೆಕ್ಸಾಸ್)

ಉತ್ತರ: ಅವರು ದುಡ್ಡು ತಿಂದಿದ್ದಾರೆ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಇಂಥ ಕಡೆ ಹೆಚ್ಚಾಗಿ ಆಗಿರೋದೇ ಬೇರೆ. ಹಾಲ್ ಅಡ್ವಾನ್ಸ್ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿರುತ್ತಾರೆ, ಕಾಸ್ಟ್‌ಕೋ ಬಿಲ್ಲಿನಲ್ಲಿ ಕೂಟದ ಪೇಪರ್ ಪ್ಲೇಟಿನ ಜೊತೆ ಮನೆಯ ಹಾಲು, ಮೊಸರೂ ಸೇರಿರುತ್ತದೆ, ತಬಲಾದವರಿಗೆ ಕ್ಯಾಶ್ ಕೊಟ್ಟು ರಸೀತಿ ತಗೊಳ್ಳೋದು ಮರೆತಿರುತ್ತಾರೆ, ಈಗ ಎಲ್ಲವನ್ನೂ ಬಿಡಿಸಿ ಬರೆಯೋಕೆ ಕೂತರೆ ಲೆಕ್ಕ ತಾಳೆಯಾಗುವುದಿಲ್ಲ. ಸಂಕೋಚಕ್ಕೆ ದಿನ ತಳ್ಳುತ್ತಿರುತ್ತಾರೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೇ ಹೋಗಿ, "ಅಣ್ಣ, ಒಟ್ಟಿಗೆ ಕೂತು ಮುಗಿಸೋಣ" ಅನ್ನಿ. ಇಬ್ಬರು ಸೇರಿದರೆ ಒಂದು ಸಂಜೆಯ ಕೆಲಸ ಅಷ್ಟೆ.

ಆದರೆ ಬ್ಯಾಂಕ್ ಖಾತೆ ಕೈಬದಲಾಗೋದಕ್ಕೂ ಅವರ ಲೆಕ್ಕ ಮುಗಿಯೋದಕ್ಕೂ ಸಂಬಂಧವೇ ಇಲ್ಲ. ಖಾತೆ ಕೂಟದ್ದು. ಹೊಸ ಸಮಿತಿ ಸಭೆ ಸೇರಿ, ಇನ್ನು ಮುಂದೆ ಸಹಿ ಯಾರದ್ದು ಅಂತ ಠರಾವು ಮಾಡಿ. ಆ ನಡಾವಳಿ, ಚುನಾವಣೆ ನಡೆದ ಸರ್ವಸದಸ್ಯರ ಸಭೆಯ ನಡಾವಳಿ, ಬೈಲಾ, ನಿಮ್ಮ ಗುರುತಿನ ಚೀಟಿ ಇಷ್ಟು ಹಿಡಿದು ಬ್ಯಾಂಕಿಗೆ ಹೋಗಿ. ಜೆಲ್ ಅನ್ನು ಕೂಟದ ಇಮೇಲಿಗೆ ಜೋಡಿಸಿ. ಅಕಸ್ಮಾತ್ ಅದು ಅವರ ಸ್ವಂತ ಖಾತೆಗೇ ಜೋಡಣೆ ಆಗಿದ್ದರೆ, ಟಿಕೆಟ್ ಮಾರೋದನ್ನು ಇವತ್ತೇ ನಿಲ್ಲಿಸಿ. ಹಿರಿಯರಿಗೂ ಒಂದು ಮಾತು ತಿಳಿಸಿ: ಟೆಕ್ಸಾಸ್ ಕಾನೂನಿನಲ್ಲಿ ಇಂಥ ಸಂಸ್ಥೆ ತನ್ನ ನಿರ್ದೇಶಕರಿಗೆ ಸಾಲ ಕೊಡುವಂತೆಯೇ ಇಲ್ಲ. ಕೂಟದ ದುಡ್ಡು ತಿಂಗಳುಗಟ್ಟಲೆ ಒಬ್ಬರ ಖಾತೆಯಲ್ಲಿ ಕೂತರೆ ಹೊರಗಿನವರ ಕಣ್ಣಿಗೆ ಅದು ಸಾಲದ ಹಾಗೇ ಕಾಣುತ್ತದೆ. ಆಗ ಅವಮಾನ ಆಗೋದು ಅದೇ ದುಡಿದವರಿಗೆ ಅಲ್ವಾ?

ಇನ್ನೊಂದು ಕೆಲಸವನ್ನು ಇವತ್ತು ರಾತ್ರಿಯೇ ಮಾಡಿ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನವರ ಜಾಲತಾಣದಲ್ಲಿ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳನ್ನು ಹುಡುಕುವ ಪುಟ ಇದೆ. ಅಲ್ಲಿ ನಿಮ್ಮ ಕೂಟದ ಹೆಸರು ಹಾಕಿ ನೋಡಿ. 501ಸಿ3 ಅಂದರೆ ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆಗಳು ಪ್ರತಿ ವರ್ಷ ತಮ್ಮ ವಿವರ ಕೊಡುವ 990 ಫಾರ್ಮುಗಳಲ್ಲಿ ಒಂದನ್ನು ಸಲ್ಲಿಸಬೇಕು. ವರ್ಷದ ಒಟ್ಟು ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದಿದ್ದರೆ ಪುಟ್ಟ 990-ಎನ್ ಸಾಕು, ಆನ್‌ಲೈನ್‌ನಲ್ಲೇ ತುಂಬಬಹುದು. ಅದಕ್ಕಿಂತ ಜಾಸ್ತಿ ಇದ್ದು 2 ಲಕ್ಷ ಡಾಲರ್ ಒಳಗಿದ್ದರೆ, ಆಸ್ತಿಯೂ 5 ಲಕ್ಷದೊಳಗಿದ್ದರೆ, 990-ಇಜಡ್. ಅದರಾಚೆಗೆ ಪೂರ್ತಿ 990. ಜನವರಿಯಿಂದ ಡಿಸೆಂಬರ್ ಲೆಕ್ಕದವರಿಗೆ ಮೇ 15 ಗಡುವು. ಸತತ 3 ವರ್ಷ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ, ಆಮೇಲೆ ದೇಣಿಗೆ ಕೊಟ್ಟವರಿಗೆ ತೆರಿಗೆ ಕಡಿತವೂ ಇಲ್ಲ. ಐಆರ್‌ಎಸ್ ಪತ್ರಗಳು ಹೋಗೋದು ದಾಖಲೆಯಲ್ಲಿರೋ ವಿಳಾಸಕ್ಕೆ, ಅದು ಎಷ್ಟೋ ಕೂಟಗಳಲ್ಲಿ ಮೂರು ಸಮಿತಿ ಹಿಂದಿನವರ ಮನೆ! "ನಮಗೆಲ್ಲಿ ಲಾಭ, ಬಂದಿದ್ದೆಲ್ಲ ಊಟಕ್ಕೇ ಹೋಯ್ತು" ಅನ್ನೋ ಮಾತೂ ಇಲ್ಲಿ ನಡೆಯೋದಿಲ್ಲ. ನೋಡೋದು ಖರ್ಚು ಕಳೆಯುವ ಮುಂಚಿನ ಒಟ್ಟು ಮೊತ್ತವನ್ನು. ರಾಜ್ಯೋತ್ಸವಕ್ಕೆ 600 ಜನ ತಲಾ 40 ಡಾಲರ್ ಕೊಟ್ಟರೆ ಅಲ್ಲೇ 24,000 ಆಯಿತು.

ಪ್ರಶ್ನೆ: ನಮ್ಮದು ನೂರಿಪ್ಪತ್ತು ಸಂಸಾರಗಳ ಸಣ್ಣ ಕೂಟ. ಕೂಟಗಳ ಒಕ್ಕೂಟವೊಂದು ಮುಂದಿನ ಸಮ್ಮೇಳನ ನೀವೇ ನಡೆಸಿಕೊಡಿ ಅಂತಿದೆ. ನಮ್ಮ ಹುಡುಗರು ಹುರುಪಿನಲ್ಲಿದ್ದಾರೆ, ನನಗೆ ಮಾತ್ರ ಎದೆ ಡವಡವ. (ಅಮೆರಿಕ)

ಉತ್ತರ: ನಿಮ್ಮ ಎದೆ ಸರಿಯಾಗಿಯೇ ಹೊಡೆದುಕೊಳ್ಳುತ್ತಿದೆ. ಒಕ್ಕೂಟ ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ 1998ರಲ್ಲಿ ಶುರುವಾಗಿ, 2000ದಲ್ಲಿ ಹ್ಯೂಸ್ಟನ್‌ನಲ್ಲಿ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ಮಾಡಿದ ಮೇಲೆ, ಎರಡು ವರ್ಷಕ್ಕೊಮ್ಮೆ ಸೇರೋದು ಅಲ್ಲಿನ ಕನ್ನಡಿಗರಿಗೆ ರೂಢಿಯಾಯಿತು. ಆಮೇಲೆ ‘ನಾವಿಕ’ ಅನ್ನೋ ಇನ್ನೊಂದು ಸಂಘಟನೆಯೂ ಬಂತು. ಬೆಂಗಳೂರಿನಿಂದ ಒಂದು ಯಕ್ಷಗಾನ ತಂಡ ಕರೆಸಬೇಕು ಅನ್ನಿ. ಕಲಾವಿದರಿಗೆ ಕೊಡುವ ಪಿ-3 ವೀಸಾದ ಅರ್ಜಿ, ವಿಮಾನ, ವಸತಿ ಎಲ್ಲವನ್ನೂ ಒಂದೇ ಕೂಟ ಹೊರೋದು ಕಷ್ಟ. ಹತ್ತು ಊರು ಸೇರಿದರೆ ಸಲೀಸು. ಒಕ್ಕೂಟದ ಉಪಯೋಗ ಅಲ್ಲಿದೆ.

ಸಮ್ಮೇಳನ ನಡೆಸೋದು ಬೇರೆ ವಿಷಯ. ಒಕ್ಕೂಟದವರು ತೋರಿಸೋ ಬಜೆಟ್ ಎಕ್ಸೆಲ್ ಪಕ್ಕಕ್ಕಿಟ್ಟು ಹೋಟೆಲ್ ಕರಾರಿನ ಕರಡು ಕೇಳಿ. ಅದರಲ್ಲಿ ರೂಮ್ ಬ್ಲಾಕ್ ಅಂತ ಒಂದು ಕಲಂ ಇರುತ್ತದೆ. ಇಷ್ಟು ರಾತ್ರಿಗೆ ಇಷ್ಟು ರೂಮು ತುಂಬಿಸುತ್ತೇವೆ, ಅದರಲ್ಲಿ ಇಂತಿಷ್ಟು ಶೇಕಡಾಕ್ಕಿಂತ ಕಮ್ಮಿಯಾದರೆ ಖಾಲಿ ರೂಮಿಗೂ ನಾವೇ ಕಟ್ಟುತ್ತೇವೆ ಅಂತ ಬರೆದಿರುತ್ತದೆ. ನಮ್ಮ ಜನ ಗೊತ್ತಲ್ಲ, ಸಮ್ಮೇಳನಕ್ಕೆ ಬಂದವರು ಊರಲ್ಲಿರೋ ಭಾವಮೈದುನನ ಮನೆಯಲ್ಲಿ ಇಳಿದುಕೊಳ್ಳುತ್ತಾರೆ, ಇಲ್ಲ ಎರಡು ಮೈಲಿ ಆಚೆ ಅಗ್ಗದ ಮೋಟೆಲ್ ಹುಡುಕುತ್ತಾರೆ, ಅದೂ ಇಲ್ಲದಿದ್ದರೆ ಒಂದೇ ರೂಮಿಗೆ ಎರಡು ಸಂಸಾರ. ಕನ್ವೆನ್ಷನ್ ಸೆಂಟರುಗಳಲ್ಲಿ ಇನ್ನೊಂದು ಪಟ್ಟು ಇರುತ್ತದೆ: ಊಟ ಅವರ ಕೇಟರರ್ ಹತ್ತಿರವೇ ತಗೋಬೇಕು, ಹೊರಗಿನಿಂದ ಬಿಸಿಬೇಳೆಬಾತ್ ತರಿಸಿದರೆ ತಲೆಗೆ ಇಷ್ಟು ಅಂತ ಶುಲ್ಕ ಕಟ್ಟಬೇಕು. ಈ ಕರಾರಿಗೆ ಕೊನೆಗೆ ಸಹಿ ಹಾಕೋರು ಯಾರು, ಒಕ್ಕೂಟವೋ ನೀವೋ? ನಷ್ಟವಾದರೆ ಯಾರ ಪಾಲು ಎಷ್ಟು, ಉಳಿದರೆ ಯಾರಿಗೆ ಎಷ್ಟು ಅನ್ನೋದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. "ನಾವು ನಾವೇ ಅಲ್ವಾ, ಆಮೇಲೆ ನೋಡೋಣ" ಅಂದರೆ ಎದ್ದು ಬನ್ನಿ.

ಒಕ್ಕೂಟ 501ಸಿ3 ಆಗಿದ್ದರೆ ಅದರ ಕಳೆದ 3 ವರ್ಷದ 990 ಫಾರ್ಮುಗಳನ್ನು ಯಾರು ಕೇಳಿದರೂ ತೋರಿಸಬೇಕು ಅಂತ ಕಾನೂನೇ ಇದೆ, ನೀವೂ ಕೇಳಿ. ಒಕ್ಕೂಟದಲ್ಲಿ ವೋಟು ಕೂಟಕ್ಕೊಂದೋ, ಆಜೀವ ಸದಸ್ಯರ ತಲೆಗೊಂದೋ ಅನ್ನೋದನ್ನೂ ನೋಡಿ. ತಲೆಗೊಂದಾದರೆ ನಿಮ್ಮಂಥ ಸಣ್ಣ ಊರಿನ ಮಾತಿಗೆ ಅಲ್ಲಿ ಬೆಲೆ ಕಡಿಮೆ, ಚಾಕರಿ ಮಾತ್ರ ಪೂರ್ತಿ. ನನ್ನ ಕೇಳಿದರೆ ಆತಿಥ್ಯ ಬೇಡ ಅನ್ನಿ. ಪಕ್ಕದ ದೊಡ್ಡ ಊರಿನ ಕೂಟದವರು ಒಪ್ಪಿಕೊಂಡರೆ ನಿಮ್ಮ ಹುರುಪಿನ ಹುಡುಗರನ್ನು ಅಲ್ಲಿಗೆ ಸ್ವಯಂಸೇವಕರಾಗಿ ಕಳಿಸಿ.

ಪ್ರಶ್ನೆ: ಊಟದ ಸಮಿತಿ, ಮಕ್ಕಳ ಕನ್ನಡ ತರಗತಿ, ರಂಗೋಲಿ ಸ್ಪರ್ಧೆ ಎಲ್ಲ ನನ್ನ ತಲೆ ಮೇಲೆ. ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಲ್ತೀನಿ ಅಂದೆ. "ಮೇಡಂ, ಉಪಾಧ್ಯಕ್ಷರಾಗಿ, ಮುಂದಿನ ಸಲ ನೋಡೋಣ" ಅಂದರು. ಹೋದ ಸಲವೂ ಇದನ್ನೇ ಹೇಳಿದ್ದರು. (ಕ್ಯಾಲಿಫೋರ್ನಿಯಾ)

ಉತ್ತರ: ಹಾಗೆ ಅಂದವರಿಗೆ ಹಾಗೆ ಹೇಳೋ ಅಧಿಕಾರ ಇದೆಯಾ ಅಂತ ಮೊದಲು ನೋಡಿ. ಎಷ್ಟೋ ಕೂಟಗಳಲ್ಲಿ ಮಾಜಿ ಅಧ್ಯಕ್ಷರೇ ಸೇರಿಕೊಂಡು ನಾಮನಿರ್ದೇಶನ ಸಮಿತಿ ಅಂತ ಕೂರುತ್ತಾರೆ. ಅವರು ಒಂದು ಪಟ್ಟಿ ಓದುತ್ತಾರೆ, ಸಭೆ ಚಪ್ಪಾಳೆ ಹೊಡೆಯುತ್ತದೆ, ಎಲ್ಲರೂ ಕಾಫಿಗೆ ಏಳುತ್ತಾರೆ. ಆದರೆ ಆ ಸಮಿತಿ ಬಿಟ್ಟು ಸದಸ್ಯರೇ ನೇರವಾಗಿ ಹೆಸರು ಸೂಚಿಸುವ ದಾರಿ ಬೈಲಾದಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ. ಕೊನೆ ದಿನ ಯಾವತ್ತು, ಎಷ್ಟು ಜನರ ಸಹಿ ಬೇಕು ಅಂತ ಓದಿಕೊಂಡು, ಬಾಯಿಮಾತಲ್ಲಿ ಹೇಳದೆ ಬರಹದಲ್ಲೇ ಕೊಡಿ.

ಆಮೇಲೆ ಇನ್ನೊಂದು ಸಾಲು ಹುಡುಕಿ: ಕುಟುಂಬ ಸದಸ್ಯತ್ವಕ್ಕೆ ವೋಟು ಒಂದೋ ಎರಡೋ? ಒಂದೇ ಅಂತಿದ್ದರೆ ಆ ವೋಟು ಹಾಕೋಕೆ ಎದ್ದು ಹೋಗೋದು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಅಷ್ಟು ಹೊತ್ತಿಗೆ ನೀವೆಲ್ಲ ಒಳಗೆ ಪಾಯಸ ಬಡಿಸುತ್ತಿರುತ್ತೀರಿ. ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ವೋಟು ಅಂತ ತಿದ್ದುಪಡಿ ತನ್ನಿ. ಈ ವರ್ಷ ನೀವು ಗೆಲ್ಲದಿದ್ದರೂ ಇದೊಂದು ಪಾಸಾದರೆ ಸಾಕು. ಮತ್ತೆ, ಚುನಾವಣೆ ದಿನ ಅಡುಗೆ ಕೆಲಸಕ್ಕೆ ಯಾರಾದರೂ ಗಂಡಸರನ್ನು ಹಾಕಿ. ತಮಾಷೆಗೆ ಹೇಳ್ತಿಲ್ಲ.

ಗೆದ್ದ ಮೇಲೆ ಒಂದು ವಿಷಯ ನೆನಪಿಡಿ: ನಿಮ್ಮ ರಾಜ್ಯದ ಕಾನೂನಿನಲ್ಲಿ ಅಧ್ಯಕ್ಷರೇ ಕಾರ್ಯದರ್ಶಿಯೋ ಖಜಾಂಚಿಯೋ ಆಗಿರುವಂತಿಲ್ಲ. ಎಲ್ಲವನ್ನೂ ಒಬ್ಬರೇ ಹೊತ್ತು ಅಭ್ಯಾಸ ಇರೋ ನಿಮ್ಮಂಥವರಿಗೆ ಇದು ಒಳ್ಳೆಯದೇ.

ಪ್ರಶ್ನೆ: ನಮ್ಮದು ಸಣ್ಣ ಬಳಗ, ನೋಂದಣಿ ಯಾಕೆ ಅಂತ ಕೆಲವರು. ಹಾಲ್‌ನಲ್ಲಿ ಮಗು ಬಿದ್ದು ಕೈ ಮುರಿದುಕೊಂಡರೆ ಯಾರು ಜವಾಬ್ದಾರಿ ಅಂತ ಇನ್ನು ಕೆಲವರು. (ಇಂಗ್ಲೆಂಡ್)

ಉತ್ತರ: ಎರಡನೆಯವರು ಕೇಳಿದ್ದು ಸರಿ. ನೋಂದಣಿಯಾಗಿ ಪ್ರತ್ಯೇಕ ಸಂಸ್ಥೆ ಅನ್ನಿಸಿಕೊಳ್ಳದ ಬಳಗಕ್ಕೆ ಕಾನೂನಿನಲ್ಲಿ ತನ್ನದೇ ಆದ ಹೆಸರಿಲ್ಲ. ಹಾಲ್ ಕರಾರಿಗೆ ಸಹಿ ಹಾಕಿದವರೇ, ಅವರ ಜೊತೆಗಿರೋ ಸಮಿತಿಯವರೇ ಸ್ವಂತ ಜೇಬಿನಿಂದ ಕಟ್ಟಬೇಕಾಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ 5,000 ಪೌಂಡ್ ಮೀರಿ ಆದಾಯ ಇರುವ ಚಾರಿಟಿಗಳು ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಬೇಕು. ದೀಪಾವಳಿ, ಯುಗಾದಿ ಎರಡು ಮಾಡಿದರೆ ಅಷ್ಟು ಆಗಿಬಿಡುತ್ತದೆ. ಚಾರಿಟಿಯನ್ನೇ ಪ್ರತ್ಯೇಕ ಸಂಸ್ಥೆಯಾಗಿಸುವ ಸಿಐಒ ಅನ್ನೋ ರೂಪ 2013ರಿಂದ ಸಿಗುತ್ತಿದೆ, ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಅದನ್ನು ಆರಿಸಿಕೊಂಡರೆ ಆದಾಯ ಎಷ್ಟೇ ಇರಲಿ ನೋಂದಣಿ ಆಗಲೇಬೇಕು, ಕರಾರುಗಳೂ ಸಂಸ್ಥೆಯ ಹೆಸರಿನಲ್ಲೇ ಆಗುತ್ತವೆ.

ಮಗುವಿನ ಕೈಗೆ ಬೇಕಾದ್ದು ಪಬ್ಲಿಕ್ ಲಯಬಿಲಿಟಿ ವಿಮೆ, ಅದನ್ನು ನೋಂದಣಿಗೆ ಕಾಯದೆ ಮಾಡಿಸಿ. ವಾರ ವಾರ ಕನ್ನಡ ಪಾಠ ಹೇಳಿಕೊಡುವವರಿಗೆ ಡಿಬಿಎಸ್ ತಪಾಸಣೆಯೂ (ಹಿಂದಿನ ಅಪರಾಧಗಳ ದಾಖಲೆ ನೋಡೋದು) ಆಗಲಿ. "ನಮ್ಮ ಅಕ್ಕನೇ ಅಲ್ವಾ ಪಾಠ ಹೇಳೋದು" ಅನ್ನಬೇಡಿ, ಅಕ್ಕನಿಗೂ ಮಾಡಿಸಿ.

ಪ್ರಶ್ನೆ: ಕನ್ನಡದವರೊಬ್ಬರು ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ದೇಹ ಊರಿಗೆ ಕಳಿಸೋಕೆ ವಾಟ್ಸಾಪ್ ಗುಂಪಿನಲ್ಲಿ ದುಡ್ಡು ಎತ್ತಬಹುದಾ? (ದುಬೈ)

ಉತ್ತರ: ಎತ್ತಬೇಡಿ. ಯುಎಇಯಲ್ಲಿ ಪರವಾನಗಿ ಇರುವ ಸಂಸ್ಥೆಗಳು ಬಿಟ್ಟು ಯಾರೂ ಜನರಿಂದ ದೇಣಿಗೆ ಕೇಳುವಂತಿಲ್ಲ, 2021ರ ಕಾನೂನಿನಲ್ಲಿ ಜೈಲು, ದಂಡ ಎರಡೂ ಇವೆ. ಮೊದಲು ಅವರ ಕಂಪನಿಯನ್ನು ಕೇಳಿ. ಮನೆಯವರು ಕೇಳಿಕೊಂಡರೆ ದೇಹ ಊರಿಗೆ ಕಳಿಸುವ ಖರ್ಚು ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಮಾಲೀಕರದ್ದು. ಆಗದಿದ್ದರೆ ಭಾರತದ ಕಾನ್ಸುಲೇಟ್‌ಗೆ ಹೋಗಿ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇಂಥದ್ದಕ್ಕೇ ಇದೆ. ಸಂಘದವರು ಮಾಡಬೇಕಾದ್ದು ಕಾಗದಪತ್ರಕ್ಕೆ ಓಡಾಡೋದು, ಆಸ್ಪತ್ರೆಯಲ್ಲಿ ಜೊತೆಗೆ ನಿಲ್ಲೋದು, ಮನೆಯವರಿಗೆ ದಿನಕ್ಕೊಂದು ಫೋನ್ ಮಾಡೋದು.

ಪ್ರಶ್ನೆ: ಸಂಘದಲ್ಲಿ ಒಂದಷ್ಟು ದುಡ್ಡು ಉಳಿದಿದೆ. ಹಾಸನದ ಕಡೆಯ ಒಂದು ಊರಿನ ಶಾಲೆಗೆ ಕೊಡೋಣ ಅಂತ. ಅಲ್ಲಿನ ಯುವಕ ಸಂಘದ ಖಾತೆಗೆ ಹಾಕಬಹುದಾ? (ಸಿಡ್ನಿ)

ಉತ್ತರ: ಯುವಕ ಸಂಘಕ್ಕೆ ವಿದೇಶಿ ದೇಣಿಗೆ ಪಡೆಯೋಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದಿದ್ದರೆ ಹಾಕಬೇಡಿ, ಸಿಕ್ಕಿಹಾಕಿಕೊಳ್ಳೋರು ಆ ಹುಡುಗರು. ನಿಮ್ಮ ಸಂಘ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಸಂಸ್ಥೆ. ಅದರಲ್ಲಿರೋರೆಲ್ಲ ಭಾರತದ ಪಾಸ್‌ಪೋರ್ಟಿನವರೇ ಆದರೂ 2010ರ ಎಫ್‌ಸಿಆರ್‌ಎ ಕಾಯ್ದೆಯಲ್ಲಿ ಅದು ವಿದೇಶಿ ಮೂಲವೇ. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರರಾದ ಭಾರತ ಮೂಲದವರು, ಸ್ವಂತವಾಗಿ ಕೊಟ್ಟರೂ ಅಷ್ಟೇ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರೋ ಎನ್‌ಆರ್‌ಐಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಮಾತ್ರ ಅದು ವಿದೇಶಿ ದೇಣಿಗೆ ಆಗೋದಿಲ್ಲ.

ಹಾಗಾಗಿ ಎರಡು ದಾರಿ. ಅಂಥ ಸದಸ್ಯರು ತಂತಮ್ಮ ಹೆಸರಲ್ಲೇ ಕೊಡಬಹುದು. ಇಲ್ಲ, ಎಫ್‌ಸಿಆರ್‌ಎ ನೋಂದಣಿ ಇದ್ದು ಶಾಲೆಗಳಲ್ಲಿ ತಾನೇ ಕೆಲಸ ಮಾಡುವ ಸಂಸ್ಥೆ ಹುಡುಕಿ. "ತಾನೇ" ಅನ್ನೋದು ಮುಖ್ಯ, ಯಾಕಂದರೆ 2020ರ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ದುಡ್ಡು ಮೊದಲು ಬಂದು ಬೀಳೋದೂ ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ. "ಹಾಸನದ ಬ್ಯಾಂಕಿಗೇ ಕಳಿಸಿ ಸಾರ್" ಅಂತ ಯಾರಾದರೂ ಅಂದರೆ ಅವರಿಗೆ ನೋಂದಣಿ ಇಲ್ಲ ಅಂತಲೇ ಲೆಕ್ಕ.

ಪ್ರಶ್ನೆ: ನಮ್ಮ ಸದಸ್ಯರೊಬ್ಬರು ಸಿಟಿ ಕೌನ್ಸಿಲ್‌ಗೆ ನಿಂತಿದ್ದಾರೆ, ನಮ್ಮ ಹುಡುಗನೇ. ರಾಜ್ಯೋತ್ಸವದ ವೇದಿಕೆಯಲ್ಲಿ ಎರಡು ಮಾತು ಆಡಿಸಬಹುದಾ? (ಅಮೆರಿಕ)

ಉತ್ತರ: ಓಟು ಕೇಳೋ ಮಾತಾದರೆ ಖಂಡಿತ ಬೇಡ. 501ಸಿ3 ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ, ವಿನಾಯಿತಿಯೇ ಹೋಗಬಹುದು. ಟಿಕೆಟ್ ತಗೊಂಡು ಬಂದು, ಮುಂದಿನ ಸಾಲಲ್ಲಿ ಕೂತು, ಊಟದ ಸಾಲಿನಲ್ಲಿ ನಿಂತವರನ್ನೆಲ್ಲ ಸ್ವಂತ ಖುಷಿಗೆ ಮಾತಾಡಿಸಲಿ. ಎದುರಾಳಿ ಬಂದರೆ ಅವರಿಗೂ ಹೋಳಿಗೆ ಬಡಿಸಿ.