ಹತ್ತು ತಿಂಗಳ ಮುಧೋಳ ನಾಯಿ, ಬಾದಾಮಿ ಗುಡ್ಡ, ಮತ್ತು ‘ನಾಯಿ ಬಂದರೆ ನಾವು ಬರಲ್ಲ’ ಅನ್ನುವವರು

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಮನೆಯಲ್ಲಿ ಹತ್ತು ತಿಂಗಳ ಮುಧೋಳ ಗಂಡು ನಾಯಿ ಇದೆ, ಭಾನುವಾರದ ಚಾರಣ ಗುಂಪಿನ ಜೊತೆ ಬಾದಾಮಿ ಗುಡ್ಡಕ್ಕೆ ಅದನ್ನೂ ಕರೆತರುವ ಆಸೆ, ಆದರೆ ಇಬ್ಬರು ಸದಸ್ಯರು ಒಪ್ಪುತ್ತಿಲ್ಲ ಅಂದಿದ್ದೀರಿ. ಅದರ ಕೆಳಗೇ ಒಬ್ಬರು ‘ಗುಡ್ಡದಲ್ಲಿ ಹಗ್ಗ ಯಾಕೆ, ಬಿಚ್ಚಿ ಬಿಡಿ, ಓಡಾಡಲಿ’ ಅಂತ ಬರೆದಿದ್ದಾರೆ. ಅದನ್ನು ನೋಡಿಯೇ ಇಷ್ಟುದ್ದ ಬರೆಯಲು ಕೂತೆ. ದಯವಿಟ್ಟು ಬಿಚ್ಚಬೇಡಿ.

ಮುಧೋಳ ನಾಯಿ ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಕಾಲು ಎದ್ದುಬಿಡುತ್ತದೆ. ಆಮೇಲೆ ನೀವು ಹೆಸರು ಕೂಗಿದರೂ ಅಷ್ಟೇ, ಕೂಗದಿದ್ದರೂ ಅಷ್ಟೇ. ನನ್ನ ಕೆಂಚನಿಗೆ ಈಗ ಐದು ವರ್ಷ. ಮನೆಯಲ್ಲಿ ಪಿಸುಗುಟ್ಟಿದರೂ ಬರುತ್ತಾನೆ. ಆದರೂ ಮೊದಲ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅಂಗಡಿಯಲ್ಲಿ ಸಿಕ್ಕ ಸಾದಾ ಚರ್ಮದ ಪಟ್ಟಿ ಹಾಕಿ ಗುಡ್ಡ ಹತ್ತಿಸಿದೆ. ಈ ನಾಯಿಗಳ ತಲೆ ಸಣ್ಣ, ಕತ್ತು ಉದ್ದ. ಹಿಂದಕ್ಕೆ ಒಮ್ಮೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಬರುತ್ತದೆ. ಎದುರಿಗೆ ಕುರಿ ಹಿಂಡು ಬಂತು. ಕೆಂಚ ಒಂದು ಸಲ ಹಿಂದೆ ಸರಿದ. ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಖಾಲಿ ಪಟ್ಟಿ. ಅವನು ಕಚ್ಚಲಿಲ್ಲ, ಸುಮ್ನೆ ಓಡಿಸಿದ. ಆದರೆ ಹೆದರಿದ ಕುರಿಗಳಲ್ಲಿ ಒಂದು ಬಂಡೆಯ ಸಂದಿಗೆ ಕಾಲು ಸಿಕ್ಕಿಸಿಕೊಂಡಿತು. ಕುರಿಗಾಹಿ ಬೈಯಲಿಲ್ಲ. ಬಗ್ಗಿ ಕುರಿಯ ಕಾಲು ಮುಟ್ಟಿ ನೋಡಿ, ‘ಇದು ಇನ್ನ ಹಿಂಡಿನ ಸಂಗಡ ನಡಿಯೂದಿಲ್ರಿ’ ಅಂದ. ದುಡ್ಡು ಕೊಟ್ಟೆ. ಕೊಟ್ಟು ಏನು ಬಂತು, ಅವನು ಆ ಕುರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಇಳಿಯಬೇಕಾಯಿತು.

ಹಾಗಾಗಿ ಮೊದಲ ಖರ್ಚು ಕತ್ತಿನ ಪಟ್ಟಿಗೆ. ಎರಡು ಇಂಚು ಅಗಲದ್ದು, ಎಳೆದಾಗ ತುಸು ಬಿಗಿಯಾಗಿ ಅಲ್ಲೇ ನಿಲ್ಲುವಂಥದ್ದು ಸಿಗುತ್ತದೆ. ಅದರ ಜೊತೆ ಎದೆಗೆ ಹಾಕುವ ಹಾರ್ನೆಸ್. ನಾನು ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತೇನೆ. ಉದ್ದಕ್ಕೆ ಬಿಚ್ಚಿಕೊಳ್ಳುವ ಸುರುಳಿ ಹಗ್ಗ ಬೇಡ. ಬಾದಾಮಿಯ ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ.

ಇನ್ನು ವಯಸ್ಸು. ಹತ್ತು ತಿಂಗಳು ಅಂದರೆ ನೋಡಲು ಆಳೆತ್ತರ ಇರಬಹುದು, ಆದರೆ ಮೂಳೆ ಇನ್ನೂ ಬಲಿತಿಲ್ಲ. ಈಗ 3-4 ಕಿ.ಮೀ. ಸಮತಟ್ಟು ದಾರಿ ಸಾಕು. ಕಡಿದಾದ ಮೆಟ್ಟಿಲು, ಬಂಡೆಯಿಂದ ಬಂಡೆಗೆ ನೆಗೆತ ಒಂದೂವರೆ ವರ್ಷ ಆಗುವವರೆಗೆ ತಡೆಯಿರಿ. ರೇಬಿಸ್ ಲಸಿಕೆ ಪ್ರತಿ ವರ್ಷದ್ದು, ಅದರಲ್ಲಿ ಚೌಕಾಸಿ ಇಲ್ಲ. ತಳಿಯ ಬಗ್ಗೆ ಅನುಮಾನ ಇದ್ದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಅಲ್ಲಿ ಕೇಳಿ.

ದಾರಿ ಆರಿಸುವಾಗ ಗುಹೆಗಳ ಕಡೆ ಹೋಗಲೇಬೇಡಿ. ಪುರಾತತ್ವ ಇಲಾಖೆಯ ಜಾಗದೊಳಗೆ ನಾಯಿ ಬಿಡುವುದಿಲ್ಲ. ಬಿಟ್ಟರೂ ಅಲ್ಲಿನ ಮಂಗಗಳು ಬಿಡುವುದಿಲ್ಲ. ಸಿಡಿಲಫಡಿ ಕಡೆಯ ಕಾಲುದಾರಿ ನಮಗೆ ಇಷ್ಟ. ಜನ ಕಡಿಮೆ, ಕೊನೆಗೆ ಹಳೆಯ ಕಾಲದ ಚಿತ್ರಗಳಿರುವ ದೊಡ್ಡ ಬಂಡೆಯ ನೆರಳು. ಮಹಾಕೂಟಕ್ಕೂ ಗುಡ್ಡದ ಮೇಲಿಂದ ನಡೆದು ಹೋಗಬಹುದು. ರಸ್ತೆಯಲ್ಲಿ 14 ಕಿ.ಮೀ. ಸುತ್ತು, ನಡಿಗೆ ಅದರ ಅರ್ಧವೂ ಇಲ್ಲ. ಆದರೆ ಅಲ್ಲಿನ ಪುಷ್ಕರಣಿಯಲ್ಲಿ ಜನ ಸ್ನಾನ ಮಾಡುತ್ತಾರೆ. ನಾಯಿ ಇದ್ದವರು ಗುಡಿಯ ಹೊರಗೆ ಮರದ ಕೆಳಗೆ ಕೂರಬೇಕು. ಸರದಿ ಹಾಕಿಕೊಳ್ಳಿ, ಒಬ್ಬರ ಮೇಲೇ ಹೊರಿಸಬೇಡಿ. ಯಡಹಳ್ಳಿಯ ಚಿಂಕಾರ (ಹುಲ್ಲೆ) ಧಾಮ, ಖಾನಾಪುರದ ಭೀಮಗಡ ಎರಡೂ ವನ್ಯಧಾಮಗಳು. ಅಲ್ಲಿಗೆ ನಾಯಿಯ ಮಾತೇ ಬೇಡ. ಊರ ನಾಯಿಯ ರೋಗ ಕಾಡಿನ ಪ್ರಾಣಿಗೆ ತಗಲುತ್ತದೆ, ಮೇಲಾಗಿ ಚಿಂಕಾರ ಓಡುವುದನ್ನು ಕಂಡ ಮುಧೋಳ ನಾಯಿಯನ್ನು ಹಿಡಿಯುವವರು ಯಾರು?

ಬಿಸಿಲಿನ ವಿಷಯ ನಿಮಗೆ ಹೇಳಬೇಕಿಲ್ಲ. ಆದರೆ ನಮ್ಮ ಕಾಲಿಗೆ ಬೂಟು ಇರುತ್ತದೆ, ನಾಯಿಗೆ ಇಲ್ಲ. ಬಾದಾಮಿಯ ಕೆಂಪು ಮರಳುಗಲ್ಲು ಮಾರ್ಚ್ ಬಂತೆಂದರೆ ಬೆಳಿಗ್ಗೆ ಹತ್ತಕ್ಕೇ ಹೆಂಚು. ಅಂಗೈ ಹಿಂಭಾಗವನ್ನು ಬಂಡೆ ಮೇಲೆ ಇಟ್ಟು ಏಳರವರೆಗೆ ಎಣಿಸಿ. ಇಡಲಾಗದಿದ್ದರೆ ವಾಪಸ್. ನಾವು ಚಳಿಗಾಲದಲ್ಲೂ 6ಕ್ಕೆ ಹೊರಟು 9:30ಕ್ಕೆ ಇಳಿದಿರುತ್ತೇವೆ. ನಾಯಿಗೆಂದೇ ಎರಡು ಲೀಟರ್ ನೀರು ಬೇರೆ. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಕೆಂಪೇರಿ, ನಡಿಗೆ ತೂರಾಡಿದರೆ ಅದು ದಣಿವಲ್ಲ, ಬಿಸಿಲ ಹೊಡೆತ. ನೆರಳಿಗೆ ಒಯ್ದು ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ನೀರು ಸುರಿಯುತ್ತ ಗಾಳಿ ಹಾಕಿ, ಹಾಗೇ ಡಾಕ್ಟರ ಹತ್ತಿರ ಹೊರಡಿ.

ಊಟ ಹೊರಡುವ ಎರಡು-ಮೂರು ಗಂಟೆ ಮೊದಲೇ, ಅದೂ ಸ್ವಲ್ಪ. ಆಳ ಎದೆಯ ನಾಯಿಗಳಿಗೆ ತುಂಬಿದ ಹೊಟ್ಟೆಯಲ್ಲಿ ಓಡಿದರೆ ಜಠರ ತಿರುಚಿಕೊಳ್ಳುವ ಅಪಾಯ ಇದೆ. ಬುತ್ತಿ ಬಿಚ್ಚಿದಾಗ ಎಲ್ಲರೂ ಪ್ರೀತಿಯಿಂದ ಒಂದೊಂದು ತುತ್ತು ಎಸೆಯುತ್ತಾರೆ, ಅಲ್ವಾ? ಬರೀ ಜೋಳದ ರೊಟ್ಟಿ ಚೂರು ಕೊಡಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಹಿಂಡಿ ಚಟ್ನಿ, ಪಲ್ಯ ಬೇಡ, ಅವು ನಾಯಿಗೆ ವಿಷ.

ಈಗ ಆ ಇಬ್ಬರ ವಿಷಯ. ನನ್ನ ಮಟ್ಟಿಗೆ ಅವರದ್ದೇ ಸರಿ. ಹೆದರುವವರಿಗೆ ‘ಏನೂ ಮಾಡಲ್ಲ, ಮುಟ್ಟಿ ನೋಡಿ’ ಅನ್ನುವುದು ನಮ್ಮಂಥವರ ಕೆಟ್ಟ ಚಟ. ನಮ್ಮ ಗುಂಪಿನಲ್ಲೂ ಒಬ್ಬರು ನಿವೃತ್ತ ಮಾಸ್ತರರಿದ್ದಾರೆ, ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡವರು. ಅವರ ಷರತ್ತು ಒಂದೇ: ‘ನಾನು ಮುಂದೆ, ಅವನು ಇಪ್ಪತ್ತು ಹೆಜ್ಜೆ ಹಿಂದೆ.’ ನಾಲ್ಕು ವರ್ಷ ಆಯಿತು, ಇವತ್ತಿಗೂ ಹಾಗೇ ನಡೆಯುತ್ತಿದ್ದೇವೆ. ಅವರು ಕೆಂಚನನ್ನು ಒಮ್ಮೆಯೂ ಮುಟ್ಟಿಲ್ಲ.

ಆದರೆ ಒಂದು ಬದಲಾವಣೆ ಆಯಿತು. ಮೊದಲು ನಮ್ಮದು ಓಟದ ಗುಂಪು. ಮುಂದಿನವರು ತುದಿಯಲ್ಲಿ ಫೋಟೊ ತೆಗೆಯುವಾಗ ಹಿಂದಿನವರು ಇನ್ನೂ ಅರ್ಧ ದಾರಿಯಲ್ಲಿ. ನಾಯಿ ಬಂದ ಮೇಲೆ ಅರ್ಧ ಗಂಟೆಗೊಮ್ಮೆ ಅವನ ನೀರಿಗೆ ಎಲ್ಲರೂ ನಿಲ್ಲಬೇಕು ಅಂತ ಆಯಿತು. ಮೊಣಕಾಲು ನೋವಿನವರು, ಮೊದಲ ಸಲ ಬಂದವರು ‘ಸಾಕಾಯ್ತು’ ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ಸ್ಟೀಲ್ ತಾಟಿನಲ್ಲಿ ಅವನು ಲೊಚಲೊಚ ಕುಡಿಯುವ ಹೊತ್ತಿಗೆ ಎಲ್ಲರ ಬಾಟಲಿಯೂ ಹೊರಗೆ ಬರುತ್ತದೆ, ಮಾತೂ ಹೊರಗೆ ಬರುತ್ತದೆ. ಮಗಳ ಮದುವೆ ಸುದ್ದಿಯಿಂದ ಹಿಡಿದು ಕಬ್ಬಿನ ಬಾಕಿವರೆಗೆ ನಾನು ಕೇಳಿದ್ದೆಲ್ಲ ಆ ತಾಟಿನ ಸುತ್ತಲೇ. ಈಗೀಗ ಇಪ್ಪತ್ತು ಹೆಜ್ಜೆ ಮುಂದಿಂದ ಮಾಸ್ತರರೇ ಕೂಗುತ್ತಾರೆ, ‘ನಾಯಿಗೆ ನೀರು ಬೇಡೇನ್ರಿ?’

ನಿಮ್ಮ ಗುಂಪಿನಲ್ಲೂ ಮೊದಲು ಆ ಇಬ್ಬರನ್ನೇ ಕೇಳಿ, ಎಷ್ಟು ದೂರ ಬೇಕು ಅಂತ. ಮೊದಲ ತಿಂಗಳು ನಾಯಿ ಇಲ್ಲದೆ ಒಮ್ಮೆ ಹೋಗಿ ದಾರಿ ನೋಡಿಕೊಂಡು ಬನ್ನಿ: ಕುರಿ ಎಲ್ಲಿ ಮೇಯುತ್ತವೆ, ನೆರಳು ಎಲ್ಲಿದೆ. ಇಳಿದ ಮೇಲೆ ಬೆರಳ ಸಂದಿಯಲ್ಲಿ ನೆಗ್ಗಿಲು ಮುಳ್ಳು, ಕಿವಿಯೊಳಗೆ ಉಣ್ಣಿ ಹುಡುಕಿ. ಉಣ್ಣಿಯನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಹಚ್ಚಬೇಡಿ. ಪಟ್ಟಿಯ ಅಳತೆ ಗೊತ್ತಾಗದಿದ್ದರೆ ಕತ್ತಿನ ಮತ್ತು ತಲೆಯ ಸುತ್ತಳತೆ ಇಲ್ಲೇ ಬರೆಯಿರಿ, ಕೆಂಚನ ಹಳೆಯದೊಂದು ಇದೆ, ಸರಿಹೊಂದಿದರೆ ಕಳಿಸುತ್ತೇನೆ.