ಬೆಳಕಿನ ಏರಿಳಿತ ಅಳೆದ ಮೇಲೂ ರೋಹಿತ ಏಕೆ ಬೇಕು?

ಪರಸ್ಪರ ಸುತ್ತುತ್ತಾ ನಮ್ಮ ಕಣ್ಣಿಗೆ ಒಂದನ್ನೊಂದು ಮರೆಮಾಡುವ ಜೋಡಿಗಳ, ಅಂದರೆ ಗ್ರಹಣ ಯಮಳ ನಕ್ಷತ್ರಗಳ, ಬೆಳಕು ಏರಿ ಇಳಿಯುವ ಗ್ರಾಫ್ ಕೈಯಲ್ಲಿದ್ದರೆ ದ್ರವ್ಯರಾಶಿ, ಗಾತ್ರ ಎಲ್ಲ ಸಿಗುವುದಿಲ್ಲವೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ಆ ಗ್ರಾಫ್ ಕೊಡುವುದು ಬಹುಪಾಲು ಅನುಪಾತಗಳನ್ನು: ಎರಡರ ನಡುವಿನ ಅಂತರದಲ್ಲಿ ನಕ್ಷತ್ರದ ತ್ರಿಜ್ಯ ಎಷ್ಟು ಪಾಲು, ಯಾವುದರ ಮೇಲ್ಮೈ ಎಷ್ಟು ಪಟ್ಟು ಪ್ರಖರ. ಜೊತೆಗೆ ಕಕ್ಷೆಯ ಓರೆ, ಅಂದರೆ ನಮ್ಮ ನೋಟಕ್ಕೆ ಅದು ಎಷ್ಟು ವಾಲಿದೆ ಎಂಬುದು. ಅದು ಮಾಪಕ ಬರೆಯದ ನಕ್ಷೆ. ಕಿಲೋಮೀಟರಿನ ಲೆಕ್ಕ ಬರುವುದು ರೋಹಿತದಿಂದಲೇ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಿಂದಲೇ.

ಆ ಪಟ್ಟಿಯಲ್ಲಿ ಕಪ್ಪು ಗೆರೆಗಳಿರುತ್ತವೆ. ನಮ್ಮತ್ತ ಬರುವ ನಕ್ಷತ್ರದ ಈ ರೇಖೆಗಳು ನೀಲಿಯ ಕಡೆಗೆ, ದೂರ ಸರಿಯುವುದರ ರೇಖೆಗಳು ಕೆಂಪಿನ ಕಡೆಗೆ ಜರುಗುತ್ತವೆ. 1889ರಲ್ಲಿ ಖಗೋಳಶಾಸ್ತ್ರಜ್ಞ ಹರ್ಮನ್ ಫೋಗೆಲ್ ಅಲ್ಗೋಲ್ ಎಂಬ ಗ್ರಹಣ ಯಮಳದಲ್ಲಿ ಇದನ್ನೇ ಅಳೆದರು. 1783ರಲ್ಲಿ ಜಾನ್ ಗುಡ್ರಿಕ್ ಊಹಿಸಿದ್ದ ಕಾಣದ ಸಂಗಾತಿ ನಿಜವೆಂದು ಆಗ ಖಚಿತವಾಯಿತು.

ಒಂದು ಲೆಕ್ಕ ಮಾಡೋಣ. ಸುತ್ತುವ ಅವಧಿ 4 ದಿನ, ಕಕ್ಷೆ ವೃತ್ತಾಕಾರ, ಎರಡೂ ನಕ್ಷತ್ರಗಳ ವೇಗ ಸೆಕೆಂಡಿಗೆ 110 ಕಿ.ಮೀ. ಎನ್ನಿ. 500 ನ್ಯಾನೋಮೀಟರ್ ತರಂಗಾಂತರದ ರೇಖೆ ಜರುಗುವುದು ಸುಮಾರು 0.18 ನ್ಯಾನೋಮೀಟರ್ ಮಾತ್ರ. ಅಷ್ಟರಿಂದಲೇ ಎರಡರ ನಡುವಿನ ಅಂತರ ಸುಮಾರು 1.2 ಕೋಟಿ ಕಿ.ಮೀ. ಎಂದು ತಿಳಿಯುತ್ತದೆ. ಅವಧಿ, ಅಂತರಗಳಿಂದ ದ್ರವ್ಯರಾಶಿ ಕೊಡುವ ಕೆಪ್ಲರ್ ನಿಯಮ ಹಾಕಿದರೆ ತಲಾ 2.2 ಸೂರ್ಯರಷ್ಟು ದ್ರವ್ಯರಾಶಿ. ವೇಗಗಳು ಬೇರೆಬೇರೆಯಾಗಿದ್ದರೆ ನಿಧಾನವಾಗಿ ಚಲಿಸುವುದೇ ಹೆಚ್ಚು ಭಾರದ್ದು.

ಗ್ರಹಣ ಆಗುತ್ತದೆ ಎಂದರೆ ಕಕ್ಷೆಯನ್ನು ನಾವು ಹೆಚ್ಚುಕಡಿಮೆ ಅಂಚಿನಿಂದಲೇ ನೋಡುತ್ತಿದ್ದೇವೆ ಎಂದರ್ಥ. ಇದು ದೊಡ್ಡ ಅನುಕೂಲ: ಓರೆ 90 ಡಿಗ್ರಿಯ (ಪೂರ್ತಿ ಅಂಚಿನ ನೋಟದ) ಬದಲು 85 ಆಗಿದ್ದರೂ ದ್ರವ್ಯರಾಶಿಯಲ್ಲಿ ಬೀಳುವ ವ್ಯತ್ಯಾಸ ಶೇ. 1ರಷ್ಟೇ. ವೇಗದ ವಿಷಯದಲ್ಲಿ ಮಾತ್ರ ಈ ಔದಾರ್ಯ ಇಲ್ಲ. ದ್ರವ್ಯರಾಶಿ ವೇಗದ ಘನವನ್ನು ಅವಲಂಬಿಸುವುದರಿಂದ ಎರಡೂ ವೇಗಗಳಲ್ಲಿ ಶೇ. 1 ತಪ್ಪಿದರೆ ದ್ರವ್ಯರಾಶಿ ಶೇ. 3 ತಪ್ಪುತ್ತದೆ.

ಹಾಗಾಗಿ ನಾನಾದರೆ ದೂರದರ್ಶಕದ ಸಮಯವನ್ನು ಹೆಚ್ಚಾಗಿ ಎರಡು ಗ್ರಹಣಗಳ ನಟ್ಟನಡುವಿನ ಹೊತ್ತಿಗೇ ಮೀಸಲಿಡುತ್ತೇನೆ. ರೇಖೆಗಳು ಆಗ ಅತಿ ದೂರ ಬೇರ್ಪಟ್ಟಿರುತ್ತವೆ. ಗ್ರಹಣದ ಆಸುಪಾಸಿನಲ್ಲಿ ಅವು ಒಂದರೊಳಗೊಂದು ಬೆರೆತು, ಅಳೆದ ವೇಗಗಳು ಇರುವುದಕ್ಕಿಂತ ಕಡಿಮೆ ಎನಿಸುತ್ತವೆ. ನಕ್ಷತ್ರಗಳು ಬಿರುಸಾಗಿ ತಿರುಗುತ್ತಿದ್ದರೆ ರೇಖೆಗಳೇ ಅಗಲವಾಗಿ ಈ ತೊಂದರೆ ಇನ್ನೂ ಹೆಚ್ಚು. ಆದರೆ ಪೂರ್ಣಗ್ರಹಣ ಇದ್ದರೆ ಬಿಡಬೇಡಿ! ಆ ಕೆಲವು ಗಂಟೆ ಒಂದೇ ನಕ್ಷತ್ರದ ಶುದ್ಧ ರೋಹಿತ ಸಿಗುತ್ತದೆ, ಅದರ ತಾಪಮಾನವನ್ನು ನೇರವಾಗಿ ಓದಬಹುದು.

ತ್ರಿಜ್ಯ, ತಾಪಮಾನ ಎರಡೂ ಗೊತ್ತಾದರೆ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಅದನ್ನು ನಮಗೆ ಕಾಣುವ ಪ್ರಕಾಶದ ಜೊತೆ ಹೋಲಿಸಿದರೆ ದೂರವೂ. ಮೇಲ್ಮೈಯ ಪ್ರಖರತೆಯನ್ನು ಬಣ್ಣದಿಂದಲೂ ಅಂದಾಜಿಸಬಹುದು. ಹಾಗೆ 20 ಗ್ರಹಣ ಯಮಳಗಳನ್ನು ಅಳೆದೇ 2019ರಲ್ಲಿ ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡದ ದೂರವನ್ನು ಶೇ. 1ರಷ್ಟು ನಿಖರವಾಗಿ ಕಂಡುಕೊಂಡರು.