ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸಂಜೆ ಏರುವ ಸಕ್ಕರೆ, ನಡುರಾತ್ರಿ ಇಳಿಯುವ ಸಕ್ಕರೆ

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರ. ನನ್ನ ಮಗಳಿಗೆ ಹದಿನೈದು ವರ್ಷ. ಒಂಬತ್ತನೆಯ ವಯಸ್ಸಿನಿಂದ ಕರಾಟೆ ಕಲಿಯುತ್ತಿದ್ದಾಳೆ, ಈಗ ಬ್ರೌನ್ ಬೆಲ್ಟ್. ಎಂಟು ತಿಂಗಳ ಹಿಂದೆ ಟೈಪ್ 1 ಮಧುಮೇಹವೆಂದು ಗೊತ್ತಾಗಿ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ವಾರಕ್ಕೆ ಮೂರು ದಿನ ಸಂಜೆ ಐದೂವರೆಯಿಂದ ಏಳರವರೆಗೆ ತರಗತಿ. ಕಳೆದ ತಿಂಗಳು ಕುಮಿತೆ (ಎದುರಾಳಿಯೊಂದಿಗೆ ಆಡುವ ಸೆಣಸಾಟ) ಆಡಿಸಿದ ದಿನ ಮನೆಗೆ ಬಂದು ನೋಡಿದರೆ ಸಕ್ಕರೆ 268 ಇತ್ತು. ಗಾಬರಿಯಾಗಿ ಹೆಚ್ಚಿನ ಇನ್ಸುಲಿನ್ ಕೊಟ್ಟೆವು. ರಾತ್ರಿ ಮೂರಕ್ಕೆ ಮೈಯೆಲ್ಲ ಬೆವೆತು ಎದ್ದಳು, ಆಗ 52. ಬರೀ ಕಟಾ (ಎದುರಾಳಿಯಿಲ್ಲದೆ ಮಾಡುವ ಹೆಜ್ಜೆ-ಹೊಡೆತಗಳ ಸರಣಿ) ಮಾಡಿದ ಇನ್ನೊಂದು ದಿನ ತರಗತಿಯಲ್ಲೇ ಕೈ ನಡುಗಿ ಕುಳಿತುಬಿಟ್ಟಳು. ಅದೇ ಕರಾಟೆ ಒಮ್ಮೆ ಸಕ್ಕರೆ ಏರಿಸುವುದು, ಒಮ್ಮೆ ಇಳಿಸುವುದು ಹೇಗೆ? ಬಂಧುಗಳೆಲ್ಲ ಬಿಡಿಸಿರಿ ಎನ್ನುತ್ತಾರೆ, ಮಗಳು ಒಪ್ಪುತ್ತಿಲ್ಲ. ಮುಂದಿನ ತಿಂಗಳು ಬೆಲ್ಟ್ ಪರೀಕ್ಷೆಯಿದೆ.
— ಒಬ್ಬ ತಾಯಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಕರಾಟೆ ಬಿಡಿಸುವಂಥ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ, ತಾಯಿ. ವೇಗದ ಬೌಲರ್ ವಾಸಿಂ ಅಕ್ರಮ್ ಅವರಿಗೆ ಇದೇ ಕಾಯಿಲೆ 1997ರಲ್ಲಿ ಪತ್ತೆಯಾಯಿತು. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2003ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದರು. ಬಂಧುಗಳಿಗೆ ಇಷ್ಟು ಹೇಳಿದರೆ ಸಾಕು. ನಿಮಗೆ ಮಾತ್ರ ಆ ಎರಡು ಸಂಜೆಗಳ ಲೆಕ್ಕ ಬಿಡಿಸಿ ಹೇಳಬೇಕು.

ನೀವು ಒಂದು ತರಗತಿ ಎಂದು ಎಣಿಸುತ್ತಿರುವುದು ದೇಹಕ್ಕೆ ಎರಡು ಬೇರೆ ಬೇರೆ ಕೆಲಸ. ಕಟಾ ಮತ್ತು ಸಾಲಿನಲ್ಲಿ ನಿಂತು ಮಾಡುವ ಮೂಲ ಹೊಡೆತಗಳು ಹದವಾದ, ದೀರ್ಘವಾದ ದುಡಿಮೆ. ಮುಕ್ಕಾಲು ಗಂಟೆ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಸೆಳೆಯುತ್ತಲೇ ಇರುತ್ತವೆ. ಕಾಯಿಲೆಯಿಲ್ಲದವರಲ್ಲಿ ಆ ಹೊತ್ತಿಗೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಬಿಡುವುದನ್ನು ತಾನಾಗಿ ತಗ್ಗಿಸುತ್ತದೆ. ನಿಮ್ಮ ಮಗಳಲ್ಲಿ ಒಮ್ಮೆ ಚುಚ್ಚಿದ ಇನ್ಸುಲಿನ್ ಅನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ, ಆದ್ದರಿಂದ ಸಕ್ಕರೆ ಇಳಿದು ಕೈ ನಡುಗುತ್ತದೆ. ಕುಮಿತೆಯಾದರೋ ಎರಡು ಮೂರು ನಿಮಿಷಗಳ ಸ್ಫೋಟ. ಎದುರಾಳಿಯ ಮುಂದೆ ನಿಂತ ಕ್ಷಣವೇ ಅಡ್ರಿನಲಿನ್ ಉಕ್ಕಿ, ಯಕೃತ್ತು ತನ್ನ ದಾಸ್ತಾನಿನಿಂದ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ, ಸ್ನಾಯುಗಳು ಅಷ್ಟು ಬೇಗ ಅದನ್ನು ಖರ್ಚು ಮಾಡಲಾರವು. ಆ 268 ಹುಟ್ಟಿದ್ದು ಹೀಗೆ. ಅದು ಬಹುಮಟ್ಟಿಗೆ ಒಂದೆರಡು ಗಂಟೆಗಳಲ್ಲಿ ತಾನಾಗಿ ಇಳಿಯುವ ಏರಿಕೆ.

ಮೂರನೆಯ ಕೆಲಸವೊಂದು ತರಗತಿ ಮುಗಿದ ಮೇಲೆ, ಹುಡುಗಿ ಮಲಗಿದ್ದಾಗ ನಡೆಯುತ್ತದೆ. ಬರಿದಾದ ಸ್ನಾಯುಗಳು ತಮ್ಮ ಉಗ್ರಾಣವನ್ನು ಮತ್ತೆ ತುಂಬಿಕೊಳ್ಳಲು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಇನ್ಸುಲಿನ್ ಕೂಡ ಎಂದಿಗಿಂತ ಚುರುಕಾಗಿ ಕೆಲಸ ಮಾಡುತ್ತದೆ. ಸಂಜೆಯ ಅಭ್ಯಾಸದ ಈ ಪರಿಣಾಮ ನಡುರಾತ್ರಿಯ ನಂತರ ಜೋರಾಗಿರುತ್ತದೆ, ಮತ್ತು ಇಪ್ಪತ್ನಾಲ್ಕು ಗಂಟೆಯವರೆಗೂ ಉಳಿಯಬಹುದು. ತಾನಾಗಿ ಇಳಿಯುತ್ತಿದ್ದ ಸಕ್ಕರೆಗೆ ನೀವು ಹೆಚ್ಚಿನ ಇನ್ಸುಲಿನ್ ಸೇರಿಸಿದಿರಿ, ಅದರ ಮೇಲೆ ಸ್ನಾಯುಗಳ ಎಳೆತವೂ ಕೂಡಿತು. ನನ್ನ ಮಟ್ಟಿಗೆ 268ಕ್ಕಿಂತ ಆ 52 ಹೆಚ್ಚು ಅಪಾಯದ ಅಂಕಿ. ಕುಮಿತೆಯ ನಂತರದ ಏರಿಕೆಗೆ ಆತುರದಿಂದ ಸೂಜಿ ಹಿಡಿಯದೆ, ಮುಕ್ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿರಿ. ಆಗಲೂ ಇಳಿಯದಿದ್ದರೆ ಎಷ್ಟು ಕೊಡಬೇಕೆಂಬುದನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿರಿ. ಅಭ್ಯಾಸದ ದಿನ ಅವರು ಎಂದಿನದಕ್ಕಿಂತ ಕಡಿಮೆ ಪ್ರಮಾಣವನ್ನೇ ಹೇಳುವುದು ವಾಡಿಕೆ.

ತರಗತಿಗೆ ಹೊರಡುವ ಮುನ್ನ ಗ್ಲುಕೋಮೀಟರ್ ನೋಡುವುದು ಬೆಲ್ಟ್ ಕಟ್ಟಿಕೊಳ್ಳುವಷ್ಟೇ ಸಹಜವಾಗಬೇಕು. ಈ ವಿಷಯದ ತಜ್ಞರು 2017ರಲ್ಲಿ ಸೇರಿ ಪ್ರಕಟಿಸಿದ ಸಲಹೆಯಂತೆ 126ರಿಂದ 180ರ ನಡುವೆ ಇದ್ದರೆ ಹೆಚ್ಚಿನವರು ಹದವಾದ ಅಭ್ಯಾಸ ಆರಂಭಿಸಬಹುದು. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಹತ್ತರಿಂದ ಇಪ್ಪತ್ತು ಗ್ರಾಂ ಗ್ಲೂಕೋಸ್ ತಿಂದು, ಅಂಕಿ ಏರಿದ ಮೇಲೆ ಹೋಗಬೇಕು. 250 ಮೀರಿದ್ದು ಕಾರಣ ತಿಳಿಯದಿದ್ದರೆ, ಹಿಂದಿನ ಇನ್ಸುಲಿನ್ ತಪ್ಪಿತೇ ಎಂದು ಯೋಚಿಸಿ, ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸಿ ಹುಟ್ಟುವ ಆಮ್ಲ) ಪರೀಕ್ಷೆ ಮಾಡಿರಿ. ಕೀಟೋನ್ ಕಂಡುಬಂದರೆ ಆ ದಿನ ಅಭ್ಯಾಸ ಬೇಡ, ವೈದ್ಯರಿಗೆ ಫೋನ್ ಮಾಡಿರಿ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ, ಏಕೆಂದರೆ ಇನ್ಸುಲಿನ್ ಸಾಲದ ದೇಹಕ್ಕೆ ದುಡಿಮೆ ಕೊಟ್ಟರೆ ಸಕ್ಕರೆಯೂ ಕೀಟೋನೂ ಇನ್ನಷ್ಟು ಏರುತ್ತವೆ.

ಮಾಸ್ತರರಲ್ಲಿ ಒಂದು ವಿನಂತಿ ಮಾಡಿ ನೋಡಿರಿ. ದೀರ್ಘ ದುಡಿಮೆಗಿಂತ ಮೊದಲು ಬಿರುಸಿನ ದುಡಿಮೆ ಮಾಡಿದರೆ ಸಕ್ಕರೆಯ ಇಳಿತ ಕಡಿಮೆಯಾಗುವುದು ಕಂಡುಬಂದಿದೆ. ಆದ್ದರಿಂದ ಮೈ ಬೆಚ್ಚಗಾದ ಮೇಲೆ ಕೆಲವು ಸುತ್ತು ಬಿರುಸಿನ ಒದೆತ, ಪಂಚ್ ಮಾಡಿಸಿ, ಆಮೇಲೆ ಕಟಾ ಹಿಡಿಯಲಿ. ಇಡೀ ತರಗತಿಯ ಕ್ರಮ ಬದಲಾಗದಿದ್ದರೂ ಇವಳೊಬ್ಬಳು ಮೂಲೆಯಲ್ಲಿ ಬ್ಯಾಗ್ ಹೊಡೆದು ಬರಬಹುದು. ತೊಡೆಗೆ ಚುಚ್ಚಿದ ಇನ್ಸುಲಿನ್ ಒದೆತಗಳ ಭರದಲ್ಲಿ ಬೇಗ ರಕ್ತಕ್ಕೆ ಸೇರುವುದರಿಂದ ಆ ದಿನ ಹೊಟ್ಟೆಯ ಭಾಗಕ್ಕೆ ಚುಚ್ಚುವುದು ಒಳ್ಳೆಯದು.

ತಿಂಡಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಮೂರೂವರೆ ನಾಲ್ಕರ ಹೊತ್ತಿಗೆ ಒಂದು ಜೋಳದ ರೊಟ್ಟಿ, ಪಲ್ಯ ತಿಂದು ಹೋಗುವುದು ಸೊಗಸಾದ ಏರ್ಪಾಟು, ಅದರ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಬರುತ್ತದೆ. ಆದರೆ ಕೈ ನಡುಗಿದಾಗ ರೊಟ್ಟಿಯಾಗಲಿ, ಒಗ್ಗರಣೆ ಮಂಡಕ್ಕಿ ಮಿರ್ಚಿಯಾಗಲಿ, ಚಾಕೊಲೇಟ್ ಆಗಲಿ ಕೆಲಸಕ್ಕೆ ಬಾರವು. ಎಣ್ಣೆ ಕೊಬ್ಬು ಇರುವುದೆಲ್ಲ ಹೊಟ್ಟೆಯಲ್ಲೇ ತಡೆಯುತ್ತದೆ. ಆಗ ಬೇಕಾದದ್ದು ಬರಿಯ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಚಹಾ ಚಮಚದಲ್ಲಿ ಮೂರರಿಂದ ನಾಲ್ಕು, ನೀರಿನಲ್ಲಿ ಕಲಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, 70ಕ್ಕಿಂತ ಕೆಳಗೇ ಇದ್ದರೆ ಮತ್ತಷ್ಟೇ ಕೊಡಬೇಕು.

ತೊಡಕಿನ ಸಂಗತಿಯೆಂದರೆ ಬೆವರು, ಎದೆ ಡವಗುಟ್ಟುವುದು, ಕೈ ನಡುಕ ಎಲ್ಲವೂ ಕುಮಿತೆಯಲ್ಲಿ ಸಹಜವಾಗಿಯೇ ಇರುತ್ತವೆ. ಸಕ್ಕರೆ ಇಳಿದ ಲಕ್ಷಣ ಅದರೊಳಗೆ ಮರೆಯಾಗುತ್ತದೆ. ಗೊತ್ತಿದ್ದ ಕಟಾದ ಹೆಜ್ಜೆ ತಪ್ಪುವುದು, ಕರೆದರೆ ತಡವಾಗಿ ಉತ್ತರಿಸುವುದು, ಕಾರಣವಿಲ್ಲದೆ ಸಿಡುಕುವುದು ಹೆಚ್ಚು ನಂಬತಕ್ಕ ಗುರುತುಗಳು. ಒಮ್ಮೆ ತೀರ ಇಳಿದ ಮೇಲೆ ಮರುದಿನದ ಇಳಿತದಲ್ಲಿ ದೇಹ ಎಚ್ಚರಿಕೆಯನ್ನೇ ಸರಿಯಾಗಿ ಕೊಡುವುದಿಲ್ಲ. ಆ ಕಾರಣ 52 ಕಂಡಂಥ ರಾತ್ರಿಯ ಮರುದಿನ ಕುಮಿತೆ ಬೇಡವೇ ಬೇಡ. ಅಭ್ಯಾಸದ ದಿನ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಕಳೆದು ಎರಡು-ಮೂರರ ಹೊತ್ತಿಗೆ ಇನ್ನೊಮ್ಮೆ ಅಲಾರಾಂ ಇಟ್ಟು ನೋಡಿರಿ. ಮಲಗುವಾಗಿನ ಹಾಲು ಅಥವಾ ರಾತ್ರಿಯ ಇನ್ಸುಲಿನ್ ಪ್ರಮಾಣವನ್ನು ಎರಡು ವಾರಗಳ ಅಂಕಿಗಳನ್ನು ತೋರಿಸಿ ವೈದ್ಯರೊಂದಿಗೆ ನಿರ್ಧರಿಸಿರಿ.

ಬೆಲ್ಟ್ ಪರೀಕ್ಷೆಯ ದಿನ ಬರೀ ಆತಂಕದಿಂದಲೇ ಸಕ್ಕರೆ ಏರೀತು, ಅದಕ್ಕೆ ಬೆದರಬೇಡಿರಿ. ಅದಕ್ಕಿಂತ ಬಿಸಿಲಿನ ಚಿಂತೆ ಮಾಡಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಇನ್ಸುಲಿನ್ ಅನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟರೆ ಅದರ ಶಕ್ತಿ ಹೋಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಹೆಪ್ಪುಗಟ್ಟಬಾರದು. ಕರೆಂಟ್ ಹೋಗುವ ಊರಾದರೆ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ತೋಯಿಸಿ, ಒದ್ದೆ ಬಟ್ಟೆ ಮುಚ್ಚಿದರೆ ಸಾಕಷ್ಟು ತಂಪಿರುತ್ತದೆ. ಒಣಹವೆಯಲ್ಲಿ ನೀರು ಬೇಗ ಆವಿಯಾಗುವುದರಿಂದ ಈ ಉಪಾಯ ಕರಾವಳಿಗಿಂತ ರಾಯಚೂರಿನಲ್ಲೇ ಚೆನ್ನಾಗಿ ನಡೆಯುತ್ತದೆ. ನಮ್ಮ ಬಿಸಿಲಿಗೆ ಇಷ್ಟಾದರೂ ಉಪಕಾರವಿದೆ.

ಪ್ರಶ್ನೆ: ನನಗೆ 54 ವರ್ಷ, ಹನ್ನೆರಡು ವರ್ಷಗಳಿಂದ ಶುಗರ್ ಇದೆ, ಮಾತ್ರೆ ನುಂಗುತ್ತೇನೆ. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವನು. ಈಗ ಮತ್ತೆ ಮಟ್ಟಿಗೆ ಇಳಿದು ದಂಡ, ಬಸ್ಕಿ ಹೊಡೆಯುವ ಆಸೆ. ಅಂಗಾಲು ಸ್ವಲ್ಪ ಜೋಮು ಹಿಡಿದಂತಿರುತ್ತದೆ.
— ಬಳ್ಳಾರಿಯ ಓದುಗರು

ಉತ್ತರ: ಆಸೆಗೆ ಅಡ್ಡಿಯಿಲ್ಲ, ಅಂಗಾಲಿಗೆ ಇದೆ. ಜೋಮು ಎಂದರೆ ನರಗಳ ಸಂವೇದನೆ ಕುಂದಿದೆ ಎಂದರ್ಥವಿರಬಹುದು. ಅಂಥ ಕಾಲಿಗೆ ಮುಳ್ಳು ಚುಚ್ಚಿದರೂ, ಬಳ್ಳಾರಿಯ ಬೇಸಿಗೆಯಲ್ಲಿ ಕಾದ ಹಾಸುಗಲ್ಲಿನ ಮೇಲೆ ಸುಟ್ಟರೂ ತಿಳಿಯದೆ, ಹುಣ್ಣಾಗಿ ಕೀವು ತುಂಬಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಮೊದಲು ಆಸ್ಪತ್ರೆಯಲ್ಲಿ ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ ಮಾಡುವ ಪರೀಕ್ಷೆ ಆಗಲಿ. ಸಂವೇದನೆ ಕುಂದಿರುವುದು ನಿಜವಾದರೆ ಬರಿಗಾಲ ಸಾಮು ಬಿಟ್ಟು ಕುಸ್ತಿಯ ಬೂಟು ಹಾಕಿಕೊಂಡು ಮಾಡಿರಿ, ಮನೆಗೆ ಬಂದು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿರಿ. ಗರಡಿಯ ಹಿರಿಯರು ಒಪ್ಪದಿದ್ದರೆ ಮಟ್ಟಿಯ ಹೊರಗೆ ಮಾಡಿದರಾಯಿತು.

ಹನ್ನೆರಡು ವರ್ಷಗಳ ಕಾಯಿಲೆಯಾದ್ದರಿಂದ ಕಣ್ಣಿನ ಒಳಪರದೆಯನ್ನೂ ತೋರಿಸಿರಿ. ಅಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದರೆ ಉಸಿರು ಬಿಗಿಹಿಡಿದು ಭಾರ ಎತ್ತುವುದು, ತಲೆ ಕೆಳಗಾಗುವ ಪಟ್ಟು ಎರಡೂ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಹೃದಯ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಸ್ಕಿಯಿಂದ ನಿಧಾನವಾಗಿ ಆರಂಭಿಸಿರಿ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ತೀರ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಜಾತಿಯ ಮಾತ್ರೆಯಿದ್ದರೆ ಇಳಿಯಬಹುದು, ಚೀಟಿಯಲ್ಲಿ ಯಾವುದಿದೆ ನೋಡಿಕೊಳ್ಳಿರಿ.

ಪ್ರಶ್ನೆ: ನಾನು ಕೊಪ್ಪಳದಲ್ಲಿ ಮಕ್ಕಳಿಗೆ ಜೂಡೊ ಕಲಿಸುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವ ಹುಡುಗನೊಬ್ಬ ಸೇರಿದ್ದಾನೆ. ಏನಾದರೂ ಆದರೆ ನನ್ನ ಹೊಣೆ ಏನು? ಮುಂದೆ ದೊಡ್ಡ ಪಂದ್ಯಗಳಲ್ಲಿ ಅವನು ಆಡಬಹುದೇ?

ಉತ್ತರ: ಆಡಬಹುದು, ಆದರೆ ಒಂದು ಕಾಗದ ಬೇಕು. ಇನ್ಸುಲಿನ್ ವಿಶ್ವ ಉದ್ದೀಪನ ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ, ಪಂದ್ಯದ ದಿನವಷ್ಟೇ ಅಲ್ಲ, ವರ್ಷಪೂರ್ತಿ. ಬದುಕಲು ಬೇಕಾದ ಔಷಧಿಯಾದರೂ ಉದ್ದೀಪನ ಪರೀಕ್ಷೆ ನಡೆಯುವ ಮಟ್ಟಕ್ಕೆ ಹುಡುಗ ಏರಿದರೆ, ವೈದ್ಯರ ದಾಖಲೆಗಳೊಂದಿಗೆ ನಾಡಾ (ರಾಷ್ಟ್ರೀಯ ಉದ್ದೀಪನ ತಡೆ) ಸಂಸ್ಥೆಯಿಂದ ಚಿಕಿತ್ಸೆಗಾಗಿ ಬಳಸುವ ವಿನಾಯಿತಿಯನ್ನು ಪಡೆದಿರಬೇಕು.

ಅಂಗಳದಲ್ಲಿ ನಿಮ್ಮ ಹೊಣೆ ಇಷ್ಟು: ಗ್ಲೂಕೋಸ್ ಪುಡಿಯ ಡಬ್ಬಿ ಎಲ್ಲರ ಕೈಗೆಟಕುವಲ್ಲಿರಬೇಕು, ಬೀಗದ ಕಪಾಟಿನಲ್ಲಲ್ಲ. ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಸಿಕೊಂಡಿದ್ದರೆ ಜೂಡೊದ ಹಿಡಿತಕ್ಕೆ ಅದು ಕಿತ್ತುಬರುತ್ತದೆ. ಪಟ್ಟಿ ಸುತ್ತಿಸಿರಿ, ಮತ್ತು ಅದರ ಅಂಕಿ ರಕ್ತದ ನಿಜ ಅಂಕಿಗಿಂತ ಕೆಲವು ನಿಮಿಷ ಹಿಂದೆ ಇರುತ್ತದೆಂಬುದು ನೆನಪಿರಲಿ. ಕತ್ತು ಒತ್ತುವ ಪಟ್ಟುಗಳಲ್ಲಿ ಅವನು ಮಂಕಾದರೆ ಅದು ಪಟ್ಟಿನಿಂದಲೋ ಸಕ್ಕರೆಯಿಂದಲೋ ಎಂದು ತರ್ಕಿಸುತ್ತ ಕೂರದೆ ಬಿಡಿಸಿ, ಎಚ್ಚರವಿದ್ದರೆ ಗ್ಲೂಕೋಸ್ ಕೊಡಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿರಿ.